ಕ್ಯಾನಿನಲ್ಲಿದ್ದ 5 ಲೀಟರ್ ಬಿಲ್ಲಿನಲ್ಲಿ ಯಾಕೆ ಇಲ್ಲ? ಎರಡು ಟೇಬಲ್ ಜೋಡಿಸುವ ಜಾಯಿನ್ ಲೆಕ್ಕ

ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ ತಿರುಗಿದರೆ ನಮ್ಮೂರು. ಊರಿನ ಹಾಲಿನ ಸೊಸೈಟಿ ಎಂದರೆ ಒಂದು ಕೋಣೆ, ಒಂದು ಜಗಲಿ. ಹಾಲು ಅಳೆಯುವ ಅಕ್ಕ ಬಂದವರ ಹತ್ತಿರ ತುಳುವಿನಲ್ಲಿ ಮಾತಾಡುತ್ತಾರೆ, ಪುಸ್ತಕದಲ್ಲಿ ಕನ್ನಡದಲ್ಲಿ ಬರೆಯುತ್ತಾರೆ. ಮೇಲಿನ ಆಫೀಸಿಗೆ ಹೋಗುವ ಕಾಗದ ಮಲಯಾಳದಲ್ಲಿ. ಕಂಪ್ಯೂಟರಿನ ಒಳಗೆ ಅರ್ಧ ಇಂಗ್ಲಿಷ್, ಅರ್ಧ ಕನ್ನಡ. ಕಾಸರಗೋಡಿನವರಿಗೆ ಇದರಲ್ಲಿ ವಿಶೇಷ ಏನೂ ಇಲ್ಲ. ಆದರೆ ಒಂದು ಪುಸ್ತಕದ ಲೆಕ್ಕವನ್ನು ಇನ್ನೊಂದಕ್ಕೆ ತಾಳೆ ಹಾಕುವಾಗ ಇದೇ ಕಾಡುತ್ತದೆ.

ಒಮ್ಮೆ ಬಟವಾಡೆಯ ಹೊತ್ತಿಗೆ ಕಾರ್ಯದರ್ಶಿ ಅಣ್ಣ ಫೋನ್ ಮಾಡಿದರು. "ಹಾಲು ಕ್ಯಾನಿನಲ್ಲಿ ಉಂಟು, ಬಿಲ್ಲಿನಲ್ಲಿ ಇಲ್ಲ. ಎಂತ ಆಯ್ತು ಅಂತ ಒಮ್ಮೆ ಬಂದು ನೋಡ್ತೀಯಾ ಮಾರಾಯ?"

ಡೇಟಾಬೇಸ್, ಅಂದರೆ ಕಂಪ್ಯೂಟರಿನಲ್ಲಿ ಲೆಕ್ಕದ ಪುಸ್ತಕಗಳನ್ನು ಇಡುವ ವ್ಯವಸ್ಥೆ, ನನ್ನ ದಿನನಿತ್ಯದ ಕೆಲಸ. ಹೋಗಿ ನೋಡಿದೆ. ತಪ್ಪು ಸಿಕ್ಕಿದ್ದು ಜಾಯಿನ್ ಎಂಬ ಒಂದೇ ಒಂದು ಮಾತಿನಲ್ಲಿ. ಆ ಮಾತು ಗೊತ್ತಿದ್ದರೆ ಇಂಥ ಎಷ್ಟೋ ಲೆಕ್ಕಗಳು ಬಿಡಿಸಿಕೊಳ್ಳುತ್ತವೆ. ಅದಕ್ಕೇ ಇದನ್ನು ನಿಧಾನವಾಗಿ ಬರೆಯುತ್ತಿದ್ದೇನೆ.

ಎರಡು ಪುಸ್ತಕ ಯಾಕೆ ಬೇಕು?

ಸೊಸೈಟಿಯಲ್ಲಿ ಎರಡು ಪುಸ್ತಕ ಇರುತ್ತದೆ. ಕಂಪ್ಯೂಟರಿನಲ್ಲಿ ಇಂಥ ಒಂದೊಂದು ಪುಸ್ತಕಕ್ಕೂ ಟೇಬಲ್ ಎನ್ನುತ್ತಾರೆ. ಒಂದು ಸದಸ್ಯರ ಪುಸ್ತಕ: ನಂಬರು, ಹೆಸರು, ಮನೆ, ಫೋನ್, ಬ್ಯಾಂಕ್ ಖಾತೆ. ಇನ್ನೊಂದು ಹಾಲಿನ ಪುಸ್ತಕ: ಯಾವ ದಿನ, ಯಾವ ಹೊತ್ತು, ಯಾವ ನಂಬರು, ಎಷ್ಟು ಲೀಟರ್. ಹಾಲು ಅಳೆಯುವಾಗ ಯಾರೂ ಹೆಸರು, ಫೋನ್, ಖಾತೆ ಎಲ್ಲ ಬರೆಯುವುದಿಲ್ಲ. ಸುಮ್ನೆ ನಂಬರು ಬರೆದರೆ ಸಾಕು.

300 ಸದಸ್ಯರಿದ್ದಾರೆ ಎಂದುಕೊಳ್ಳಿ. ದಿನಕ್ಕೆ ಎರಡು ಹೊತ್ತು, ತಿಂಗಳಿಗೆ 30 ದಿನ. ಒಟ್ಟು 18,000 ಸಾಲು. ಪ್ರತಿ ಸಾಲಿನಲ್ಲೂ ಫೋನ್ ನಂಬರು ಬರೆದಿದ್ದರೆ, ಒಬ್ಬರು ಸಿಮ್ ಬದಲಿಸಿದಾಗ ತಿಂಗಳೊಂದರಲ್ಲೇ 60 ಕಡೆ ತಿದ್ದಬೇಕು. ಒಂದು ಕಡೆ ಬಿಟ್ಟುಹೋದರೂ ಯಾವುದು ಸರಿ, ಯಾವುದು ಹಳತು ಎಂದು ಹೇಳುವವರು ಯಾರು? ಅದಕ್ಕೇ ಒಂದು ಸಂಗತಿಯನ್ನು ಒಂದೇ ಕಡೆ ಬರೆದು, ಉಳಿದ ಕಡೆ ನಂಬರಿನಿಂದ ತೋರಿಸುವುದು. ಈ ಯೋಚನೆಗೆ ಗಣಿತದ ಬುನಾದಿ ಹಾಕಿದವರು ಐಬಿಎಂನಲ್ಲಿದ್ದ ಎಡ್ಗರ್ ಕಾಡ್, 1970ರಲ್ಲಿ. ಅದೇ ಕಂಪನಿಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಅದಕ್ಕೊಂದು ಭಾಷೆ ಕೊಟ್ಟರು. ಅದೇ ಇವತ್ತಿನ ಎಸ್‌ಕ್ಯೂಎಲ್.

ಬಿಲ್ಲು ಮಾಡುವಾಗ ಮಾತ್ರ ಎರಡೂ ಪುಸ್ತಕ ಎದುರಿಗೆ ಬೇಕು. ನಂಬರು ನೋಡಿ, ಅತ್ತಲಿನ ಸಾಲಿಗೆ ಇತ್ತಲಿನ ಸಾಲು ಜೋಡಿಸಬೇಕು. ಈ ಜೋಡಿಸುವ ಕೆಲಸದ ಹೆಸರೇ ಜಾಯಿನ್. ಯಾವ ಕಾಲಂ ನೋಡಿ ಜೋಡಿಸುತ್ತೇವೋ ಅದು ಕೀ.

ನಾಲ್ಕು ಮನೆ, ನಾಲ್ಕು ಸಾಲು

ಅಸಲಿ ಲೆಕ್ಕ ದೊಡ್ಡದು. ಇಲ್ಲಿ ಒಂದು ದಿನಕ್ಕೆ, ನಾಲ್ಕು ಮನೆಗೆ ಇಳಿಸಿದ್ದೇನೆ. ಹೆಸರುಗಳೂ ಉದಾಹರಣೆಗೆ ಇಟ್ಟವು.

ಸದಸ್ಯರು
101, ಗಣಪತಿ, ಬೈಲುಮನೆ
102, ಸುಂದರಿ, ಗುಡ್ಡೆಮನೆ
103, ಐಸಮ್ಮ, ಹೊಸಮನೆ
104, ನಾರಾಯಣ, ಕೋಡಿಮನೆ

ಹಾಲು
101, ಬೆಳಿಗ್ಗೆ, 6 ಲೀಟರ್
101, ಸಂಜೆ, 4 ಲೀಟರ್
103, ಬೆಳಿಗ್ಗೆ, 8 ಲೀಟರ್
110, ಬೆಳಿಗ್ಗೆ, 5 ಲೀಟರ್

ಹಾಲಿನ ಪುಸ್ತಕವನ್ನು ಕೂಡಿಸಿದರೆ 23 ಲೀಟರ್. ಕ್ಯಾನಿನಲ್ಲೂ ಅಷ್ಟೇ ಇತ್ತು. ಬಿಲ್ಲಿನಲ್ಲಿ ಬಂದದ್ದು 18. ಬಿಲ್ಲು ಮಾಡುವ ಪ್ರೋಗ್ರಾಮಿನ ಒಳಗೆ ಹೀಗೆ ಬರೆದಿತ್ತು (ಕಂಪ್ಯೂಟರಿಗೆ ಇದನ್ನು ಇಂಗ್ಲಿಷ್ ಅಕ್ಷರದಲ್ಲಿ ಕೊಡಬೇಕು, ಓದುವ ಅನುಕೂಲಕ್ಕೆ ಕನ್ನಡದಲ್ಲಿ ಬರೆದಿದ್ದೇನೆ):

ಸೆಲೆಕ್ಟ್ ಸದಸ್ಯರು.ಹೆಸರು, ಹಾಲು.ಹೊತ್ತು, ಹಾಲು.ಲೀಟರ್
ಫ್ರಮ್ ಸದಸ್ಯರು
ಇನ್ನರ್ ಜಾಯಿನ್ ಹಾಲು
ಆನ್ ಸದಸ್ಯರು.ನಂಬರು = ಹಾಲು.ನಂಬರು

'ಆನ್' ಆದ ಮೇಲೆ ಇರುವುದೇ ಜೋಡಿಸುವ ಷರತ್ತು. ಇನ್ನರ್ ಜಾಯಿನ್ ಎಂದರೆ ಎರಡೂ ಕಡೆ ಇರುವ ನಂಬರು ಮಾತ್ರ ಬರಲಿ ಎಂದು. ಸಿಗುವುದು ಮೂರು ಸಾಲು: ಗಣಪತಿ 6, ಗಣಪತಿ 4, ಐಸಮ್ಮ 8. ಗಣಪತಿ ಎರಡು ಸಲ ಬಂದದ್ದು ತಪ್ಪಲ್ಲ, ಎರಡು ಹೊತ್ತು ಹಾಲು ಕೊಟ್ಟಿದ್ದಾರೆ. ಸುಂದರಿ, ನಾರಾಯಣ ಆ ದಿನ ಹಾಲು ಕೊಡಲಿಲ್ಲ, ಅವರು ಬರಲಿಲ್ಲ. 110 ಸದಸ್ಯರ ಪುಸ್ತಕದಲ್ಲೇ ಇಲ್ಲ, ಅದೂ ಬರಲಿಲ್ಲ. ಆ 5 ಲೀಟರ್ ಹೋದದ್ದು ಅಲ್ಲಿ.

ಕಂಪ್ಯೂಟರ್ ಒಂದು ಎಚ್ಚರಿಕೆಯನ್ನೂ ಕೊಡಲಿಲ್ಲ. ಕೊಡುವುದೂ ಇಲ್ಲ. ಇನ್ನರ್ ಜಾಯಿನ್ ಕೇಳಿದ್ದನ್ನೇ ಮಾಡಿದೆ. ಜೋಡಿ ಸಿಗದ ಸಾಲನ್ನು ಸದ್ದಿಲ್ಲದೆ ಬಿಡುವುದೇ ಅದರ ಕೆಲಸ. ಬೆಳಿಗ್ಗೆ ಐದಕ್ಕೆ ಎದ್ದು ಕರೆದ ಹಾಲು ಹಾಗೆ ಲೆಕ್ಕದಿಂದ ಜಾರಿಹೋಗುವುದನ್ನು ನೋಡಿದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಜೋಡಿ ಸಿಗದವರು ಎಲ್ಲಿ?

ಇದಕ್ಕೆ ಲೆಫ್ಟ್ ಜಾಯಿನ್ ಉಂಟು. ಮೊದಲು ಬರೆದ ಟೇಬಲ್ ಎಡದ್ದು. ಎಡದ ಸಾಲುಗಳೆಲ್ಲ ಬರಲೇಬೇಕು, ಬಲದಲ್ಲಿ ಜೋಡಿ ಸಿಕ್ಕಿದರೆ ಸೇರಿಸು, ಸಿಗದಿದ್ದರೆ ಆ ಜಾಗ ಖಾಲಿ ಬಿಡು ಎಂದು ಅರ್ಥ. ಸದಸ್ಯರನ್ನು ಎಡಕ್ಕಿಟ್ಟರೆ ಐದು ಸಾಲು ಸಿಗುತ್ತದೆ: ಗಣಪತಿಯ ಎರಡು, ಐಸಮ್ಮನ ಒಂದು, ಮತ್ತೆ ಸುಂದರಿ ಖಾಲಿ, ನಾರಾಯಣ ಖಾಲಿ. ಹಾಲನ್ನು ಎಡಕ್ಕಿಟ್ಟರೆ ನಾಲ್ಕು ಸಾಲು, ಅದರಲ್ಲಿ 110ರ ಎದುರು ಹೆಸರಿನ ಜಾಗ ಖಾಲಿ. ಇದನ್ನೇ ಟೇಬಲ್ ಅದಲುಬದಲು ಮಾಡದೆ ರೈಟ್ ಜಾಯಿನ್ ಎಂದೂ ಬರೆಯಬಹುದು. ನಾನು ಅದನ್ನು ಬಳಸುವುದೇ ಇಲ್ಲ. ಯಾವುದು ಪೂರ್ತಿ ಬರಬೇಕೋ ಅದನ್ನು ಮೊದಲು ಬರೆದರೆ ಓದುವವರಿಗೆ ಸುಲಭ ಅಲ್ವಾ?

ಎರಡೂ ಕಡೆಯ ಖಾಲಿಗಳನ್ನು ಒಟ್ಟಿಗೆ ನೋಡಬೇಕಾದರೆ ಫುಲ್ ಔಟರ್ ಜಾಯಿನ್. ಆರು ಸಾಲು: ಜೋಡಿಯಾದದ್ದು ಮೂರು, ಹಾಲಿಲ್ಲದ ಸದಸ್ಯರು ಇಬ್ಬರು, ಸದಸ್ಯರಿಲ್ಲದ ಹಾಲು ಒಂದು. ಮೈಎಸ್‌ಕ್ಯೂಎಲ್‌ ಎಂಬ ಡೇಟಾಬೇಸಿನಲ್ಲಿ ಇದು ಇಲ್ಲ, ಎರಡು ಕಡೆಯಿಂದ ಲೆಫ್ಟ್ ಜಾಯಿನ್ ಮಾಡಿ, ಯೂನಿಯನ್ ಎಂದು ಹಾಕಿ ಎರಡು ಉತ್ತರವನ್ನೂ ಒಂದು ಮಾಡಬೇಕು. ಎಸ್‌ಕ್ಯೂಲೈಟ್‌ ಎಂಬ ಇನ್ನೊಂದು ಡೇಟಾಬೇಸಿಗೆ ಬಂದದ್ದು 2022ರಲ್ಲಿ.

ಖಾಲಿ ಜಾಗಕ್ಕೆ ಡೇಟಾಬೇಸಿನಲ್ಲಿ ನಲ್ ಎನ್ನುತ್ತಾರೆ. ನಲ್ ಎಂದರೆ ಸೊನ್ನೆ ಅಲ್ಲ. ಸೊನ್ನೆ ಲೀಟರ್ ಎಂದರೆ ಅಳೆದು ನೋಡಿದಾಗ ಏನೂ ಇರಲಿಲ್ಲ ಎಂದು. ನಲ್ ಎಂದರೆ ಅಳೆದ ದಾಖಲೆಯೇ ಇಲ್ಲ ಎಂದು. ಗೊತ್ತಿಲ್ಲದ್ದು ಇನ್ನೊಂದು ಗೊತ್ತಿಲ್ಲದ್ದಕ್ಕೆ ಸಮ ಎಂದು ಹೇಳಲಾಗದು, ಹಾಗಾಗಿ ನಲ್ ಇನ್ನೊಂದು ನಲ್‌ಗೆ ಸಮ ಆಗುವುದಿಲ್ಲ. ಹುಡುಕುವಾಗ 'ಸಮ ನಲ್' ಎಂದು ಬರೆದರೆ ಏನೂ ಸಿಗುವುದಿಲ್ಲ. 'ಈಸ್ ನಲ್' ಎಂದೇ ಬರೆಯಬೇಕು. ಲೆಫ್ಟ್ ಜಾಯಿನ್ ಮಾಡಿ, ಬಲದ ನಂಬರು 'ಈಸ್ ನಲ್' ಇರುವ ಸಾಲು ಮಾತ್ರ ಕೇಳಿದರೆ ಜೋಡಿ ಸಿಗದವರ ಪಟ್ಟಿ ಕೈಗೆ ಬರುತ್ತದೆ. 'ನಾಟ್ ಇನ್', ಅಂದರೆ ಇಂಥ ಪಟ್ಟಿಯಲ್ಲಿ ಇಲ್ಲದವರು, ಎಂದೂ ಕೆಲವರು ಇದನ್ನು ಬರೆಯುತ್ತಾರೆ. ಆ ಪಟ್ಟಿಯಲ್ಲಿ ಒಂದೇ ಒಂದು ನಲ್ ಸೇರಿಕೊಂಡರೂ ಉತ್ತರ ಪೂರ್ತಿ ಖಾಲಿ ಬರುತ್ತದೆ. 'ನಾಟ್ ಎಕ್ಸಿಸ್ಟ್ಸ್' ಎಂದು ಬರೆದರೆ ಆ ಭಯ ಇಲ್ಲ.

ಇನ್ನೊಂದು ಕಡೆ ಜಾಸ್ತಿ ಜನ ಎಡವುತ್ತಾರೆ. ಬೆಳಗಿನ ಹಾಲು ಮಾತ್ರ ಬೇಕು, ಆದರೆ ಸದಸ್ಯರೆಲ್ಲ ಕಾಣಬೇಕು ಎಂದುಕೊಳ್ಳಿ. ಲೆಫ್ಟ್ ಜಾಯಿನ್ ಮಾಡಿ ಕೊನೆಗೆ 'ವೇರ್ ಹೊತ್ತು = ಬೆಳಿಗ್ಗೆ' ಎಂದು ಹಾಕುತ್ತಾರೆ. 'ವೇರ್' ಎಂದರೆ ಜೋಡಿಸಿದ ಸಾಲುಗಳಲ್ಲಿ ಇಂಥವು ಮಾತ್ರ ಉಳಿಯಲಿ ಎಂದು. ಸುಂದರಿಯ ಸಾಲಿನಲ್ಲಿ ಹೊತ್ತಿನ ಜಾಗ ನಲ್. ನಲ್ ಬೆಳಿಗ್ಗೆಗೆ ಸಮ ಅಲ್ಲ. ಸುಂದರಿ ಹೊರಗೆ. ಲೆಫ್ಟ್ ಜಾಯಿನ್ ಎಂದು ಬರೆದದ್ದು ಕಣ್ಣೆದುರೇ ಇನ್ನರ್ ಜಾಯಿನ್ ಆಗಿಬಿಟ್ಟಿತು. ಆ ಷರತ್ತನ್ನು 'ಆನ್' ಜೊತೆಗೇ ಸೇರಿಸಬೇಕು: ನಂಬರು ಸಮ ಇರಲಿ, ಹೊತ್ತು ಬೆಳಿಗ್ಗೆ ಇರಲಿ. ಆಗ ಷರತ್ತು ಜೋಡಿಸುವಾಗ ಕೆಲಸ ಮಾಡುತ್ತದೆ, ಜೋಡಿಸಿ ಆದ ಮೇಲೆ ಕಿತ್ತುಹಾಕುವುದಿಲ್ಲ.

ಹೆಸರು ನೋಡಿ ಜೋಡಿಸಿದರೆ

ಸೊಸೈಟಿಯಲ್ಲಿ ಹಿಂಡಿಯ ಪುಸ್ತಕವೂ ಉಂಟು. ಸದಸ್ಯರು ಸಾಲಕ್ಕೆ ಹಿಂಡಿ ಒಯ್ಯುತ್ತಾರೆ, ಹಾಲಿನ ದುಡ್ಡಿನಲ್ಲಿ ಅದನ್ನು ಹಿಡಿಯುತ್ತಾರೆ. ಆ ಪುಸ್ತಕದಲ್ಲಿ ನಂಬರು ಇರಲಿಲ್ಲ, ಮನೆಯ ಹೆಸರು ಮಾತ್ರ ಇತ್ತು. ನಮ್ಮ ಕಡೆ ಜನರನ್ನು ಗುರುತಿಸುವುದೇ ಮನೆಯ ಹೆಸರಿನಿಂದ, ಹಾಗಾಗಿ ಬರೆದವರದ್ದು ತಪ್ಪಲ್ಲ. ಮನೆಯ ಹೆಸರು ನೋಡಿಯೇ ಜೋಡಿಸೋಣ ಎಂದು ಹೊರಟೆ.

ಕೋಡಿಮನೆ ಜೋಡಿಯಾಗಲಿಲ್ಲ. ಎರಡೂ ಕಡೆ ಕೋಡಿಮನೆ ಎಂದೇ ಇದೆ. ಪಕ್ಕಪಕ್ಕ ಇಟ್ಟು ನೋಡಿದರೂ ಒಂದು ಚುಕ್ಕಿ ವ್ಯತ್ಯಾಸ ಇಲ್ಲ. ಕೊನೆಗೆ ಎರಡರ ಉದ್ದ ಅಳೆದೆ. ಒಂದು 7, ಇನ್ನೊಂದು 9!

ಕಾರಣ ಕನ್ನಡ ಅಕ್ಷರ ಕಂಪ್ಯೂಟರಿನಲ್ಲಿ ಕೂರುವ ರೀತಿ. ಅಕ್ಷರಗಳಿಗೆ ಒಂದೊಂದು ಸಂಕೇತ ಕೊಡುವ ಪದ್ಧತಿಗೆ ಯೂನಿಕೋಡ್ ಎನ್ನುತ್ತಾರೆ. ಯೂನಿಕೋಡ್‌ನಲ್ಲಿ 'ಕೋ' ಎಂಬುದರ ಓತ್ವವನ್ನು ಒಂದೇ ಸಂಕೇತವಾಗಿ ಇಡಬಹುದು. ಅದನ್ನೇ ಎತ್ವ, ಊತ್ವ, ದೀರ್ಘ ಎಂದು ಮೂರು ತುಂಡಾಗಿಯೂ ಇಡಬಹುದು. ಕಾಗದದ ಮೇಲೆ ನಾವು ಕೈಯಲ್ಲಿ ಬರೆಯುವುದೂ ಹೆಚ್ಚುಕಡಿಮೆ ಹಾಗೆಯೇ ತಾನೆ, ಮೇಲೆ ಎತ್ವ, ಬದಿಗೆ ಕೊಂಬು, ಆಮೇಲೆ ದೀರ್ಘ. ಪರದೆಯ ಮೇಲೆ ಎರಡೂ ಒಂದೇ ರೂಪ. ಒಳಗೆ ಬೈಟ್ ಬೇರೆ. ಬೈಟ್ ನೋಡಿ ಹೋಲಿಸುವ ಡೇಟಾಬೇಸಿಗೆ ಅವು ಎರಡು ಬೇರೆ ಬೇರೆ ಮನೆ.

ಭಟ್ ಎಂಬ ಹೆಸರಿನಲ್ಲೂ ಇಂಥದ್ದೇ ತೊಂದರೆ. ಕೊನೆಯ 'ಟ್' ಆದ ಮೇಲೆ ಮುಂದಿನ ಅಕ್ಷರ ಒತ್ತಾಗಿ ಅಂಟಿಕೊಳ್ಳಬಾರದು ಎಂದು ಕೆಲವರು ಟೈಪು ಮಾಡುವಾಗ ಕಣ್ಣಿಗೆ ಕಾಣದ ಒಂದು ಗುರುತು ಸೇರಿಕೊಳ್ಳುತ್ತದೆ. ಅದರ ಹೆಸರು ಝೀರೋ ವಿಡ್ತ್ ನಾನ್ ಜಾಯಿನರ್. ಪದದ ಕೊನೆಯಲ್ಲಿ ಅದು ಇದ್ದರೂ ಇಲ್ಲದಿದ್ದರೂ ಓದುವವರಿಗೆ ಒಂದೇ, ಜಾಯಿನ್‌ಗೆ ಬೇರೆ. ಅರ್ಕಾವೊತ್ತಿನ 'ಸೂರ್ಯ'ಕ್ಕೂ ರಕಾರ ಮುಂದಿರುವ 'ಸೂರ‍್ಯ'ಕ್ಕೂ ನಡುವೆ ಇರುವುದೂ ಕಾಣದ ಇನ್ನೊಂದು ಗುರುತು.

ಕನ್ನಡದಲ್ಲಿ ಡೇಟಾ ಇಡುವವರು ಇದನ್ನು ತಿಳಿದಿರಲೇಬೇಕು. ಒಳಗೆ ಸೇರಿಸುವಾಗಲೇ ಅಕ್ಷರಗಳನ್ನು ಒಂದೇ ರೂಪಕ್ಕೆ ತರಬೇಕು. ಇದಕ್ಕೆ ಯೂನಿಕೋಡ್‌ನವರೇ ಎನ್‌ಎಫ್‌ಸಿ ಎಂಬ ಕ್ರಮ ಇಟ್ಟಿದ್ದಾರೆ. ಪೋಸ್ಟ್‌ಗ್ರೆಸ್‌ ಎಂಬ ಡೇಟಾಬೇಸಿನಲ್ಲಿ 13ನೇ ಆವೃತ್ತಿಯಿಂದ 'ನಾರ್ಮಲೈಸ್' ಎಂಬ ಫಂಕ್ಷನ್ನೇ ಉಂಟು. ಕಾಣದ ಗುರುತುಗಳನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ, ಅವನ್ನು ಬೇರೆಯಾಗಿ ತೆಗೆಯಬೇಕು. ಹಿಂದೆಮುಂದೆ ಉಳಿದ ಖಾಲಿ ಜಾಗವನ್ನೂ ಹಾಗೆಯೇ.

ಅಷ್ಟು ಮಾಡಿದರೂ ಗಡಿನಾಡಿನಲ್ಲಿ ಹೆಸರಿನ ಮೇಲೆ ನಂಬಿಕೆ ಇಡಲು ಆಗುವುದಿಲ್ಲ. ನಮಗೆ ಮಂಜೇಶ್ವರ, ಮಲಯಾಳದ ಕಾಗದದಲ್ಲಿ ಮಂಜೇಶ್ವರಂ. ನಮಗೆ ಹೊಸದುರ್ಗ, ಇಂಗ್ಲಿಷಿನಿಂದ ತಂದ ಪಟ್ಟಿಯಲ್ಲಿ ಹೋಸ್‌ದುರ್ಗ್. ಒಂದೇ ಮನುಷ್ಯನ ಇನಿಷಿಯಲ್ ಒಂದು ಕಾರ್ಡಿನಲ್ಲಿ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ. ಕಾಸರಗೋಡು ಜಿಲ್ಲೆಗೆ ತಾಲೂಕು ಇರುವುದು ನಾಲ್ಕೇ. ಆ ನಾಲ್ಕು ಹೆಸರು ನೋಡಿ ಜೋಡಿಸಲು ಹೋದರೂ ಎರಡು ಪಟ್ಟಿ ತಾಳೆಯಾಗದೆ ಇರಬಹುದು. ಊರಿಗೂ ಪಂಚಾಯತಿಗೂ ಕೇಂದ್ರ ಸರಕಾರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿ ಒಂದೊಂದು ಕೋಡ್ ಕೊಟ್ಟಿರುವುದು ಇದಕ್ಕಾಗಿಯೇ. ಮನುಷ್ಯರಿಗೆ ಹೆಸರು, ಜಾಯಿನ್‌ಗೆ ನಂಬರು. ಹಿಂಡಿಯ ಪುಸ್ತಕಕ್ಕೂ ನಾವು ಆಮೇಲೆ ಸದಸ್ಯರ ನಂಬರಿನ ಒಂದು ಕಾಲಂ ಗೆರೆ ಎಳೆದೆವು.

ನಂಬರಾದರೂ ಒಂದು ಕಡೆ ಸಂಖ್ಯೆಯಾಗಿ 101, ಇನ್ನೊಂದು ಕಡೆ ಅಕ್ಷರವಾಗಿ '0101' ಎಂದು ಕೂತಿದ್ದರೆ ತಾಳೆಯಾಗದೆ ಹೋಗಬಹುದು. ಎಕ್ಸೆಲ್‌ನಿಂದ ತಂದ ಡೇಟಾದಲ್ಲಿ ಇದನ್ನು ಮೊದಲು ನೋಡಿ.

10 ಲೀಟರ್ 30 ಆದ ಕತೆ

ಸಾಲು ಕಳೆದುಹೋಗುವುದು ಒಂದು ಕಷ್ಟ. ಸಾಲು ಹೆಚ್ಚಾಗುವುದು ಇನ್ನೊಂದು. ನನ್ನ ಅನುಭವದಲ್ಲಿ ಎರಡನೆಯದೇ ಜಾಸ್ತಿ ಅಪಾಯ, ಯಾಕೆಂದರೆ ದುಡ್ಡು ಹೆಚ್ಚು ಬಂದವರು ಫೋನ್ ಮಾಡಿ ಕೇಳುವುದು ಅಪರೂಪ.

ಗಣಪತಿ ಎರಡು ಹೊತ್ತು ಹಾಲು ಕೊಟ್ಟಿದ್ದಾರೆ, 6 ಮತ್ತು 4. ಮೂರು ಸಲ ಒಂದೊಂದು ಗೋಣಿ ಹಿಂಡಿ ಒಯ್ದಿದ್ದಾರೆ. ಸದಸ್ಯರು, ಹಾಲು, ಹಿಂಡಿ ಮೂರನ್ನೂ ನಂಬರು ನೋಡಿ ಒಟ್ಟಿಗೆ ಜೋಡಿಸಿದರೆ ಏನಾಗುತ್ತದೆ? ಹಾಲಿನ ಪ್ರತಿ ಸಾಲಿಗೂ ಹಿಂಡಿಯ ಮೂರೂ ಸಾಲು ಜೋಡಿಯಾಗುತ್ತದೆ. ಎರಡು ಗುಣಿಸು ಮೂರು, ಆರು ಸಾಲು. ಹಾಲಿನ 6 ಮೂರು ಸಲ, 4 ಮೂರು ಸಲ. ಕೂಡಿಸಿದರೆ 30 ಲೀಟರ್. ಹಿಂಡಿ ಪ್ರತಿಯೊಂದೂ ಎರಡು ಸಲ, 6 ಗೋಣಿ. ಕೊಟ್ಟ ಹಾಲಿಗೆ ಮೂರು ಪಾಲು ದುಡ್ಡು, ಒಯ್ದ ಹಿಂಡಿಗೆ ಎರಡು ಪಾಲು ಕಡಿತ. ಕೊನೆಗೆ ಬರುವ ಮೊತ್ತ ನೋಡಿದರೆ ಇದ್ದರೂ ಇರಬಹುದು ಎನ್ನಿಸುವಂತಿರುತ್ತದೆ, ಅದಕ್ಕೇ ಹಿಡಿಯಲು ಕಷ್ಟ.

'ಡಿಸ್ಟಿಂಕ್ಟ್' ಹಾಕಿ ಸರಿ ಮಾಡಿದೆ ಎನ್ನುವವರಿದ್ದಾರೆ. ಅದು ಒಂದೇ ಥರದ ಅಂಕಿಗಳನ್ನು ಒಮ್ಮೆ ಮಾತ್ರ ಎಣಿಸುತ್ತದೆ. ಒಬ್ಬರು ಬೆಳಿಗ್ಗೆಯೂ 5, ಸಂಜೆಯೂ 5 ಕೊಟ್ಟರೆ 10 ಆಗಬೇಕಾದದ್ದು 5 ಆಗಿಬಿಡುತ್ತದೆ. ಹಾಗೆ ಮಾಡಬೇಡಿ. ಸರಿಯಾದ ದಾರಿ ಎಂದರೆ ಮೊದಲು ಹಾಲನ್ನು ನಂಬರುವಾರು ಕೂಡಿಸಿ ಒಬ್ಬರಿಗೆ ಒಂದೇ ಸಾಲು ಮಾಡುವುದು, ಹಿಂಡಿಯನ್ನೂ ಹಾಗೆಯೇ ಮಾಡುವುದು, ಆಮೇಲೆ ಜೋಡಿಸುವುದು. ಅಕ್ಕ ಕೈಲೆಕ್ಕದಲ್ಲಿ ಮೊದಲಿನಿಂದ ಮಾಡುತ್ತಿದ್ದದ್ದೂ ಅದನ್ನೇ. ಒಬ್ಬೊಬ್ಬರ ಹಾಲು ಕೂಡಿಸಿ ಅಡಿಗೆರೆ ಎಳೆದ ಮೇಲೆಯೇ ಹಿಂಡಿಯ ಪುಸ್ತಕ ತೆಗೆಯುತ್ತಿದ್ದರು.

ಸದಸ್ಯರ ಪುಸ್ತಕದಲ್ಲೇ 101 ಎರಡು ಸಲ ಇದ್ದರೂ ಹೀಗೆಯೇ, ಗಣಪತಿಯ 10 ಲೀಟರ್ 20 ಆಗುತ್ತದೆ. ನಂಬರಿನ ಕಾಲಮ್ಮನ್ನು ಪ್ರೈಮರಿ ಕೀ ಎಂದು ಹೇಳಿಬಿಟ್ಟರೆ ಒಂದೇ ನಂಬರು ಎರಡನೇ ಸಲ ಒಳಗೆ ಬರುವುದೇ ಇಲ್ಲ. ಜೋಡಿಸುವ ಷರತ್ತನ್ನೇ ಮರೆತರೆ ಎಲ್ಲದಕ್ಕೂ ಎಲ್ಲ ಜೋಡಿಯಾಗಿ 4 ಗುಣಿಸು 4, 16 ಸಾಲು. ಇದು ಕ್ರಾಸ್ ಜಾಯಿನ್. 1992ರ ಎಸ್‌ಕ್ಯೂಎಲ್ ಮಾನದಂಡಕ್ಕಿಂತ ಮುಂಚೆ ಟೇಬಲ್‌ಗಳನ್ನು ಬರೇ ಅಲ್ಪವಿರಾಮ ಹಾಕಿ ಬರೆಯುತ್ತಿದ್ದರು, ಷರತ್ತು ಎಲ್ಲೋ ಕೆಳಗೆ 'ವೇರ್'ನಲ್ಲಿ ಇರುತ್ತಿತ್ತು. ಮರೆಯುವುದು ಸುಲಭ. ಈಗ 'ಜಾಯಿನ್' ಪಕ್ಕದಲ್ಲೇ 'ಆನ್' ಇರುವುದರಿಂದ ತಪ್ಪು ಕಣ್ಣಿಗೆ ಬೀಳುತ್ತದೆ. ಹಳೇ ರೀತಿಯಲ್ಲಿ ಬರೆದದ್ದು ಸಿಕ್ಕಿದರೆ ನಾನು ಮೊದಲು ಅದನ್ನು ಹೊಸ ರೀತಿಗೆ ತರುತ್ತೇನೆ.

ಅಷ್ಟು ಬೇಗ ಹೇಗೆ ಜೋಡಿಸುತ್ತದೆ?

18,000 ಸಾಲಿನ ಪ್ರತಿಯೊಂದಕ್ಕೂ 300 ಸದಸ್ಯರನ್ನು ಮೇಲಿಂದ ಕೆಳಗೆ ನೋಡಿದರೆ 54 ಲಕ್ಷ ಸಲ ನೋಡಬೇಕು. ಇದಕ್ಕೆ ನೆಸ್ಟೆಡ್ ಲೂಪ್ ಎನ್ನುತ್ತಾರೆ. ಸದಸ್ಯರ ನಂಬರಿಗೆ ಇಂಡೆಕ್ಸ್ ಇದ್ದರೆ ಪೂರ್ತಿ ಪುಸ್ತಕ ತಿರುವಿಹಾಕಬೇಕಾಗಿಲ್ಲ, ನೇರ ಆ ಪುಟಕ್ಕೇ ಹೋಗಬಹುದು. ಎರಡೂ ಪುಸ್ತಕ ನಂಬರಿನ ಕ್ರಮದಲ್ಲೇ ಇದ್ದರೆ ಒಂದೊಂದರ ಮೇಲೆ ಒಂದೊಂದು ಬೆರಳು ಇಟ್ಟು ಇಳಿಸುತ್ತ ಹೋದರೆ ಸಾಕು, ಅದು ಮರ್ಜ್ ಜಾಯಿನ್. ಇನ್ನೊಂದು ಹ್ಯಾಶ್ ಜಾಯಿನ್: 300 ಜನರ ಚೀಟಿಯನ್ನು ಮೊದಲು ಗೂಡುಗಳಿಗೆ ಹಂಚಿ ಇಡುವುದು, ಆಮೇಲೆ ಹಾಲಿನ ಒಂದೊಂದು ಸಾಲು ಬಂದ ಹಾಗೆ ಸರಿಯಾದ ಗೂಡಿಗೆ ಕೈ ಹಾಕುವುದು. 54 ಲಕ್ಷ ಇದ್ದದ್ದು ಸುಮಾರು 18,300ಕ್ಕೆ ಇಳಿಯುತ್ತದೆ. ಯಾವುದು ಒಳ್ಳೆಯದು ಎಂದು ಡೇಟಾಬೇಸೇ ನಿರ್ಧರಿಸುತ್ತದೆ. 'ಎಕ್ಸ್‌ಪ್ಲೇನ್' ಎಂದು ಮುಂದೆ ಹಾಕಿದರೆ ಯಾವ ದಾರಿ ಹಿಡಿದಿದೆ ಎಂದು ಹೇಳುತ್ತದೆ.

110 ಯಾರು?

ಫುಲ್ ಔಟರ್ ಜಾಯಿನ್ ಮಾಡಿದ ಪಟ್ಟಿಯನ್ನು ಪ್ರಿಂಟ್ ತೆಗೆದು ಕಾರ್ಯದರ್ಶಿ ಅಣ್ಣನ ಕೈಗೆ ಕೊಟ್ಟೆ. ಖಾಲಿ ಇರುವ ಮೂರು ಸಾಲಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೆ. ಸುಂದರಿಯ ಸಾಲು ನೋಡಿ, "ಇವರ ದನ ಕರು ಹಾಕ್ಲಿಕ್ಕೆ ಆಯ್ತು, ಹಾಲಿಲ್ಲ" ಎಂದರು. ಆಮೇಲೆ ನಾರಾಯಣನ ಮೇಲೆ ಒಂದು ಬೆರಳು, 110ರ ಮೇಲೆ ಇನ್ನೊಂದು ಬೆರಳು ಇಟ್ಟು ಸ್ವಲ್ಪ ಹೊತ್ತು ಸುಮ್ಮನಾದರು.

"ಇದು ಎರಡೂ ಒಂದೇ ಮನೆ! ಕೋಡಿಮನೆ ಪಾಲಾಯ್ತಲ್ಲ, ದನ ಹೋದದ್ದು ತಮ್ಮನ ಪಾಲಿಗೆ. ತಮ್ಮನ ಹೆಂಡತಿಗೆ ಹೊಸ ನಂಬರು ನಾನೇ ಕೊಟ್ಟದ್ದು. ಕಾರ್ಡ್ ಬರೆದು ಕೊಟ್ಟೆ, ಕಂಪ್ಯೂಟರಿಗೆ ಹತ್ತಿಸ್ಲಿಕ್ಕೆ ಬಿಟ್ಟುಹೋಯ್ತು."

ಅಣ್ಣ ಮತ್ತೊಂದು ಮಾತು ಕೇಳಿದರು. ಪುಸ್ತಕದಲ್ಲಿ ಇಲ್ಲದ ನಂಬರನ್ನು ಹಾಲಿನ ಲೆಕ್ಕಕ್ಕೆ ಕಂಪ್ಯೂಟರ್ ತೆಗೆದುಕೊಳ್ಳದ ಹಾಗೆ ಮಾಡಬಹುದಾ ಎಂದು. ಮಾಡಬಹುದು, ಅದಕ್ಕೆ ಫಾರಿನ್ ಕೀ ಎನ್ನುತ್ತಾರೆ. ಬ್ಯಾಂಕಿನ ಲೆಕ್ಕವಾದರೆ ನಾನೂ ಅದನ್ನೇ ಹಾಕುತ್ತಿದ್ದೆ. ಆದರೆ ಬೆಳಿಗ್ಗೆ ಆರೂವರೆಗೆ ಮಳೆಯಲ್ಲಿ ಪಾತ್ರೆ ಹಿಡಿದು ಬಂದವರಿಗೆ, ನಿಮ್ಮ ನಂಬರು ಕಂಪ್ಯೂಟರಿನಲ್ಲಿ ಇಲ್ಲ, ಹಾಲು ವಾಪಸ್ ಒಯ್ಯಿರಿ ಎಂದು ಅಕ್ಕ ಹೇಳುವುದು ಹೇಗೆ? ಹಾಲು ಕಾಯುವುದಿಲ್ಲ. ಹಾಗಾಗಿ ಸಾಲು ಒಳಗೆ ಬರಲಿ ಎಂದು ಬಿಟ್ಟೆವು. ಬದಲಿಗೆ ದಿನಾ ಸಂಜೆ ಜೋಡಿ ಸಿಗದ ನಂಬರುಗಳ ಪಟ್ಟಿ ತಾನಾಗಿ ಬರುವ ಹಾಗೆ ಮಾಡಿದೆವು. ಬಿಲ್ಲಿನ ಕೆಳಗೆ ಇನ್ನೊಂದು ಸಾಲು ಸೇರಿಸಿದೆವು: ಹಾಲಿನ ಪುಸ್ತಕದ ಒಟ್ಟು ಇಷ್ಟು, ಬಿಲ್ಲಿನ ಒಟ್ಟು ಇಷ್ಟು. ಎರಡೂ ಒಂದೇ ಆಗದೆ ಬಟವಾಡೆ ಮಾಡುವುದಿಲ್ಲ ಎಂದು ಅಣ್ಣ ತಾವೇ ಹೇಳಿದರು.

ಆಮೇಲೆ 110ನ್ನು ಸದಸ್ಯರ ಪಟ್ಟಿಗೆ ಸೇರಿಸಿ, ಅದೇ ಇನ್ನರ್ ಜಾಯಿನ್ ಇನ್ನೊಮ್ಮೆ ಓಡಿಸಿದೆವು. ನಾಲ್ಕು ಸಾಲು ಬಂತು. ಅಕ್ಕ ಕೈಲೆಕ್ಕದಲ್ಲಿ ಕೂಡಿಸಿ ನೋಡಿದರು. 23.